ದಿಲ್ಲಿಗೆ ಎರಡು ತಾಸು

ಶಾಲೆಯ ಅಟ್ಲಾಸಿನಲ್ಲಿ ಹೈದರಾಬಾದಿನಿಂದ ದಿಲ್ಲಿಗೆ ದಾರ ಹಿಡಿದು ಅಳೆದರೆ ಒಂದು ಗೇಣೂ ಆಗುತ್ತಿರಲಿಲ್ಲ. ಶಿವಕಾಂತಾ ಮೂರು ಸಲ ಅಳೆದಳು. ಮೂರು ಸಲವೂ ದಾರವನ್ನು ಪುಟದ ಕೆಳಗಿದ್ದ ಅಳತೆಪಟ್ಟಿಯ ಮೇಲಿಟ್ಟು ಲೆಕ್ಕ ಹಾಕಿದಳು. ಸಾವಿರದ ಇನ್ನೂರ ಐವತ್ತು ಕಿಲೋಮೀಟರು, ಹತ್ತಿಪ್ಪತ್ತು ಅತ್ತಿತ್ತ. ವಿಮಾನಕ್ಕೆ ಎರಡು ತಾಸಿನ ದಾರಿ ಎಂದಳು.

"ಎರಡ ತಾಸ?" ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಗುರುಬಾಯಿ ಮೊರವನ್ನು ಕೆಳಗಿಟ್ಟಳು. "ನಮ್ಮ ಇಜೇರಿಗೆ ಹೋಗಬೇಕಂದ್ರ ಮುಂಜಾನೆ ಹೊಂಟವರು ದೀಪ ಹಚ್ಚೂ ಹೊತ್ತಿಗೆ ಮುಟ್ಟತೇವಿ. ಕಲಬುರ್ಗಿಗೆ ಒಂದ ಗಾಡಿ, ಜೇವರ್ಗಿಗೆ ಒಂದ ಗಾಡಿ, ಅಲ್ಲಿಂದ ಸಿಕ್ಕದ್ದು ಗಾಡಿ. ಹಂಗಾದ್ರ ದಿಲ್ಲಿ ನನ್ನ ತವರುಮನಿಕಿಂತ ಸಮೀಪ ಅದ ಅಂದಂಗಾತು."

"ಹಂಗಲ್ಲ ಅತ್ತೆ. ದೂರ ಬೇರೆ, ಹಿಡಿಯೋ ವೇಳೆ ಬೇರೆ."

"ಯಾರಿಗೆ ಬ್ಯಾರೆ ಬೇ? ಕುಂತು ಸೊಂಟ ನೋಯಿಸಿಕೊಳ್ಳೋರಿಗೆ ಎರಡೂ ಒಂದ."

ಶಿವಕಾಂತಾ ದಾರವನ್ನು ಸುತ್ತಿ ಅಟ್ಲಾಸಿನೊಳಗಿಟ್ಟಳು. ಅವಳು ಆಳಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ದಾವಣಗೆರೆಯಲ್ಲಿ ಹುಟ್ಟಿ, ಅಲ್ಲೇ ಬಿ.ಎ. ಮಾಡಿ, ಮೂರು ವರ್ಷದ ಹಿಂದೆ ಈ ಊರಿಗೆ ಮದುವೆಯಾಗಿ ಬಂದವಳು. ಮಾತಾಡುವ ಮೊದಲು ಮಾತನ್ನು ಎರಡು ಸಲ ತಿರುವಿ ನೋಡುವುದು, ಮನೆ ಬಿಡುವ ಮೊದಲು ಬೀಗವನ್ನು ಮೂರು ಸಲ ಜಗ್ಗುವುದು ಅವಳ ಸ್ವಭಾವ. ಇಷ್ಟು ಎಚ್ಚರವಿದ್ದರೆ ತಪ್ಪಾಗುವುದಿಲ್ಲ ಎಂದು ಅವಳು ನಂಬಿದ್ದಳು.

ದಿಲ್ಲಿಗೆ ಹೋಗುವವನು ಅವಳ ಗಂಡ ದೌಲತರಾಯ. ಊರಿನ ತೊಗರಿಬೇಳೆ ಗಿರಣಿಗಳವರ ಸಂಘಕ್ಕೆ ಕಾರ್ಯದರ್ಶಿ. ಅದು ೧೯೭೫ರ ಶ್ರಾವಣ. ದಿಲ್ಲಿಯಲ್ಲಿ ಒಂದು ಬುಧವಾರ ದೇಶದ ಬೇಳೆ ಗಿರಣಿಗಳವರ ಸಭೆಯಿತ್ತು. ಸಂಘ ಕೊಡುವುದು ರೈಲಿನ ಖರ್ಚು ಮಾತ್ರ. ಮೇಲಿನ ಹಣವನ್ನು ತಾನೇ ಹಾಕಿಕೊಂಡು, ಹೋಗುವಾಗ ವಿಮಾನದಲ್ಲಿ ಹೋಗುತ್ತೇನೆ, ಬರುವಾಗ ರೈಲು ಸಾಕು ಎಂದು ಅವನು ಗಟ್ಟಿ ಮಾಡಿದ್ದ. ಹೈದರಾಬಾದಿನ ಮೇಲೆ ಪೊಲೀಸ್ ಆ್ಯಕ್ಷನ್ ಆದ ವರ್ಷ ಊರ ಮೇಲೆ ಹಾದುಹೋದ ವಿಮಾನವನ್ನು ನೋಡಲು ಎಲ್ಲರೂ ಅಂಗಳಕ್ಕೆ ಓಡಿದ್ದರಂತೆ. ಆರು ವರ್ಷದ ಅವನನ್ನು ಮಾತ್ರ ಅವ್ವ ಹೆದರಿ ಕಣಜದ ಹಿಂದೆ ಬಚ್ಚಿಟ್ಟಿದ್ದಳಂತೆ. ಆ ಒಂದು ವಿಮಾನದ ಬಾಕಿಯನ್ನು ಅವನು ಇಪ್ಪತ್ತೇಳು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಟಿಕೆಟ್ಟಿನ ವ್ಯವಸ್ಥೆ ಮಾಡಿದವರು ಹೈದರಾಬಾದಿನಲ್ಲಿ ಅವನ ಬೇಳೆ ಮಾರಿಕೊಡುವ ಅಡತಿ ಅಂಗಡಿಯವರು. ಅವರ ಟ್ರಂಕ್ ಕಾಲ್ ಬಂದ ಹೊತ್ತಿಗೆ ತನ್ನ ಗಿರಣಿಯ ಯಂತ್ರದ ಪಟ್ಟೆ ಹರಿದು ದೌಲತರಾಯ ಮೊಣಕೈತನಕ ಎಣ್ಣೆ ಮೆತ್ತಿಕೊಂಡು ಯಂತ್ರದ ಕೆಳಗಿದ್ದ. ಗಿರಣಿಗೆ ಹೊಂದಿಕೊಂಡೇ ಮನೆ. ಶಿವಕಾಂತಾ ಫೋನೆತ್ತಿದಳು. ಗಾಳಿಮಳೆ ನಡುವೆ ನಿಂತು ಕೂಗಿದ ಹಾಗೆ ಗುಮಾಸ್ತನ ದನಿ ಕೇಳಿಸಿತು. ಸೋಮವಾರದ ಟಿಕೆಟ್ಟಾಗಿದೆ, ಬೇಗಂಪೇಟೆಯ ನಿಲ್ದಾಣದ ಕೌಂಟರಿನಲ್ಲಿ ಹೆಸರು ಹೇಳಿದರೆ ಕೊಡುತ್ತಾರೆ ಎಂದು ಅವನು ಉರ್ದುವಿನಲ್ಲಿ ಹೇಳಿದ. ವೇಳೆ ಎಷ್ಟು ಎಂದು ಅವಳು ಕೇಳಿದಳು.

"ಪೌನೆ ಆಠ."

"ಪೌನೆ ಆಠ?" ಎಂದಳು ಶಿವಕಾಂತಾ.

"ಹಾಂ ಬೀಬೀ, ಪೌನೆ ಆಠ," ಎಂದು ಅವನು ಖಾತ್ರಿಪಡಿಸಿದ.

ದಾವಣಗೆರೆಯಲ್ಲಿ ಎರಡು ಹಿಂದಿ ಪರೀಕ್ಷೆ ಪಾಸಾದವಳಿಗೆ ಪೌನ್ ಎಂದರೆ ಮುಕ್ಕಾಲು, ಆಠ್ ಎಂದರೆ ಎಂಟು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು, ಮುದ್ದಾದ ಅಕ್ಷರದಲ್ಲಿ ಬರೆದಳು: ಸೋಮವಾರ. ಬೇಗಂಪೇಟೆ. ಬೆಳಿಗ್ಗೆ ೮-೪೫. ಟಿಕೆಟ್ಟು ಕೌಂಟರಿನಲ್ಲಿ. ಬರೆದದ್ದನ್ನು ಎರಡು ಸಲ ಓದಿ, ೮-೪೫ರ ಕೆಳಗೆ ಗೆರೆ ಎಳೆದಳು.

"ಒಂದು ತಾಸು ಮೊದಲೇ ಹೋಗಿ ಕೂತಿರ್ರಿ," ಎಂದು ಚೀಟಿಯನ್ನು ಗಂಡನ ಕೈಗೆ ಕೊಡುವಾಗ ಹೇಳಿದಳು. "ಸರಿಯಾಗಿ ಏಳೂ ಮುಕ್ಕಾಲಿಗೆ ಅಲ್ಲಿರಬೇಕು ನೀವು."

"ಏಳೂ ಮುಕ್ಕಾಲಂದ್ರ ಏಳೂ ಮುಕ್ಕಾಲು. ನಿನ್ನ ಮಾತು ಮೀರಿ ನಾ ಎಲ್ಲಿಗೆ ಹೋಗಲಿ?" ಎಂದು ಅವನು ನಕ್ಕು ಚೀಟಿಯನ್ನು ಡೈರಿಯಲ್ಲಿಟ್ಟುಕೊಂಡ.

ರವಿವಾರ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಹಾಕಿದ ಹಾರಗಳಲ್ಲಿ ಮುಖ ಮುಚ್ಚಿಹೋಗಿತ್ತು. ಗುರುಬಾಯಿ ಇಪ್ಪತ್ತೈದು ಸಜ್ಜಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿದ್ದಳು.

"ಅತ್ತೆ, ಎರಡು ತಾಸಿನ ದಾರಿಗೆ ಇಪ್ಪತ್ತೈದು ರೊಟ್ಟಿನಾ?"

"ಮ್ಯಾಲೆ ಹೋದವನಿಗೆ ಹಸಿವಾದ್ರ ಯಾರ ಮನಿಗೆ ಹೋಗಿ ಕೇಳ್ಯಾನ?" ಎಂದಳು ಗುರುಬಾಯಿ. ಮಗ ಸುರಕ್ಷಿತವಾಗಿ ಕೆಳಗಿಳಿದರೆ ಜಿಡಗಾ ಮಠಕ್ಕೆ ಹೋಗಿ ಕಾಯಿ ಒಡೆಸುತ್ತೇನೆಂದು ಹೇಳಿಕೊಂಡಳು.

ಹೊರಡುವ ಮೊದಲು ಶಿವಕಾಂತಾ ಒಂದೇ ಮಾತು ಕೇಳಿದಳು. "ಇಳಿದ ಕೂಡಲೇ ತಂತಿ ಕೊಡ್ರಿ. ಮರೀಬ್ಯಾಡ್ರಿ."

"ಕಾಲು ನೆಲಕ್ಕ ಹತ್ತೂದ ತಡ, ತಂತಿ," ಎಂದ ದೌಲತರಾಯ.

ಸೋಮವಾರ ಹತ್ತೂ ಮುಕ್ಕಾಲಿಗೆ ಅವಳು ಎಂಟನೆಯ ಇಯತ್ತೆಯ ಹುಡುಗಿಯರಿಗೆ ಅಕ್ಷಾಂಶ ರೇಖಾಂಶ ಹೇಳುತ್ತಿದ್ದಳು. ಗಡಿಯಾರ ನೋಡಿದಳು. ಇಳಿದರು ಎಂದುಕೊಂಡಳು. ಸಂಜೆಯಾಯಿತು, ತಂತಿ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಗಂಡ ಎರಡು ತಾಸಿನಲ್ಲಿ ದಾಟುವ ದೂರವನ್ನು ತಂತಿಯ ನಾಲ್ಕು ಶಬ್ದ ಎರಡು ದಿನವಾದರೂ ದಾಟಿರಲಿಲ್ಲ. ಅವಳು ರೇಡಿಯೋ ಮುಂದೆ ಕೂತು ಮೂರು ಹೊತ್ತಿನ ವಾರ್ತೆ ಕೇಳಿದಳು. ವಿಮಾನ ಬಿದ್ದ ಸುದ್ದಿಯೇನೂ ಇರಲಿಲ್ಲ. ಅದರಿಂದ ಅವಳಿಗೆ ಸಮಾಧಾನವೂ ಆಗಲಿಲ್ಲ. ತುರ್ತುಪರಿಸ್ಥಿತಿಯ ಆ ತಿಂಗಳುಗಳಲ್ಲಿ ವಾರ್ತೆಯಲ್ಲಿ ಯಾವ ಕೆಟ್ಟ ಸುದ್ದಿಯೂ ಬರುತ್ತಿರಲಿಲ್ಲ. ದೇಶದಲ್ಲಿ ರೈಲುಗಳು ವೇಳೆಗೆ ಸರಿಯಾಗಿ ಓಡುತ್ತಿವೆ ಎಂದು ಮಾತ್ರ ದಿನಾ ಹೇಳುತ್ತಿದ್ದರು.

ಬುಧವಾರ ಸಂಜೆ ಅಂಚೆಯ ಸೈದಪ್ಪ ಸೈಕಲ್ಲಿನ ಗಂಟೆ ಬಾರಿಸುತ್ತ ಬಂದ. "ಅಕ್ಕೋರ, ರಾಯರು ಮುಟ್ಯಾರ್ರಿ!" ಎಂದು ಅವನು ಓಣಿಯ ತುದಿಯಿಂದಲೇ ಕೂಗಿದ್ದರಿಂದ ಲಕೋಟೆ ಒಡೆಯುವ ಮೊದಲೇ ನೆರೆಯವರೆಲ್ಲ ಸೇರಿದರು. ಕ್ಷೇಮವಾಗಿ ತಲುಪಿದೆ, ಇಷ್ಟೇ ಇತ್ತು. ಎಲ್ಲರೂ ಆ ಮಾತನ್ನು ಓದಿದರು. ಶಿವಕಾಂತಾ ಅದರ ಮೇಲಿನ ಸಾಲನ್ನು ಓದಿದಳು. ನವದೆಹಲಿ, ಬುಧವಾರ, ಬೆಳಿಗ್ಗೆ ಹತ್ತು.

ಅಂದರೆ ತಂತಿ ತಡವಾಗಿರಲಿಲ್ಲ. ಅದನ್ನು ಕೊಟ್ಟದ್ದೇ ಬುಧವಾರ.

ಮುಂದಿನ ವಾರ ದೌಲತರಾಯ ಮರಳಿ ಬಂದ. ಮೈ ಸ್ವಲ್ಪ ಇಳಿದಿತ್ತು. ಸಭೆ ಚೆನ್ನಾಗಿ ಆಯಿತೆಂದ. ತಂತಿ ಯಾಕೆ ಎರಡು ದಿನ ತಡ ಎಂದು ಅವಳು ಕೇಳಿದ್ದಕ್ಕೆ, "ಗದ್ಲದಾಗ ಮರತೇ ಹೋತು ನೋಡು," ಎಂದು ಸ್ನಾನಕ್ಕೆ ಎದ್ದ. ರೊಟ್ಟಿ ಕಟ್ಟಿದ್ದ ಬಟ್ಟೆ ಖಾಲಿಯಾಗಿತ್ತು, ಹಿಂಡಿಯ ಡಬ್ಬಿ ತೊಳೆದಿಟ್ಟಂತಿತ್ತು. ಗುರುಬಾಯಿಗೆ ಅದನ್ನು ನೋಡಿಯೇ ಹೊಟ್ಟೆ ತುಂಬಿತು. ಶಿವಕಾಂತಾ ಮಾತ್ರ ಲೆಕ್ಕ ಹಾಕಿದಳು. ಎರಡು ತಾಸಿನಲ್ಲಿ ಇಪ್ಪತ್ತೈದು ರೊಟ್ಟಿ.

ಊರಿನವರು ಲೆಕ್ಕದ ತಂಟೆಗೆ ಹೋಗಲಿಲ್ಲ. ಅವರಿಗೆ ವಿಮಾನ ಬೇಕಾಗಿತ್ತು. ಸಾರ್ವಜನಿಕ ವಾಚನಾಲಯದವರು ಪ್ರತಿ ಶ್ರಾವಣದಲ್ಲಿ ನಾಲ್ಕು ಗುರುವಾರ ಉಪನ್ಯಾಸ ಇಡುತ್ತಿದ್ದರು. ಮೂರು ಉಪನ್ಯಾಸ ಶರಣರ ಮೇಲೆ ಆಗಿದ್ದವು. ನಾಲ್ಕನೆಯದಕ್ಕೆ ಕರೆದಿದ್ದ ಪಂಡಿತರಿಗೆ ಗಂಟಲು ಕಟ್ಟಿತೆಂದು ಕಾಗದ ಬಂತು. ವಾಚನಾಲಯದ ಅಧ್ಯಕ್ಷ ಶಾಂತಲಿಂಗಪ್ಪ ದೌಲತರಾಯನ ಮನೆಗೆ ಬಂದ. ಅವನು ತಹಸೀಲ ಕಚೇರಿಯಲ್ಲಿ ಮೂವತ್ತು ವರ್ಷ ಶಿರಸ್ತೇದಾರಿಕೆ ಮಾಡಿ ನಿವೃತ್ತನಾದವನು. ಜೇಬಿನಲ್ಲಿ ಸರಪಳಿಯ ಗಡಿಯಾರ, ಬಾಯಲ್ಲಿ ಯಾವಾಗಲೂ ಒಂದು ಪ್ರಶ್ನೆ.

"ಹೆಸರೂ ನಾನೇ ಇಟ್ಟೇನಿ ರಾಯರ," ಎಂದ. "'ದಿಲ್ಲಿಗೆ ಎರಡು ತಾಸು.' ಹ್ಯಾಂಗದ?"

ದೌಲತರಾಯ ಬೇಡವೆಂದ. ಅವನು ಬೇಡವೆಂದಷ್ಟೂ ಅದನ್ನು ವಿನಯವೆಂದು ತಿಳಿದು ಶಾಂತಲಿಂಗಪ್ಪ ಇನ್ನಷ್ಟು ಒತ್ತಾಯ ಮಾಡಿದ. ಕೊನೆಗೆ ದೌಲತರಾಯ ಹೆಂಡತಿಯ ಕಡೆ ತಿರುಗಿ, "ನೀನೇ ಬರದು ಕೊಡು. ನಾ ಓದತೇನಿ," ಎಂದ.

ಅವಳು ಕಾಗದ ಪೆನ್ನು ಹಿಡಿದು ಅವನೆದುರು ಕೂತಳು.

"ಒಳಗೆ ಹ್ಯಾಗಿತ್ತು, ಹೇಳ್ರಿ."

"ಒಳಗ ಅಂದ್ರ... ಕುರ್ಚಿ ಇದ್ವು."

"ಎಂಥಾ ಕುರ್ಚಿ?"

"ಕುಂಡ್ರೂ ಕುರ್ಚಿ." ಆಮೇಲೆ ಅವನೇ ಮುಂದುವರಿಸಿದ. ಈಗ ಅವನ ಕಣ್ಣು ಬೇರೆಯಾಗಿತ್ತು. "ಆದ್ರ ಅದು ಏಳೂದು ನೋಡಬೇಕು ನೀ. ಮೊದ್ಲು ಸುಮ್ಮ ಓಡತದ, ಓಡತದ, ಓಡತದ. ಮುಂದಿನ ಗಾಲಿ ಮೊದ್ಲ ಬಿಡತದ. ಆಮ್ಯಾಲ ಹಿಂದಿನವು. ಹೊಟ್ಟಿ ಬೆಳ್ಳಗ, ಬಿಸಲಿಗೆ ಫಳಫಳ ಹೊಳಿತದ. ಆ ಗಾಲಿ ಎಲ್ಲಾ ತನ್ನ ಹೊಟ್ಟ್ಯಾಗ ತಾನೇ ಮಡಚಿ ಇಟ್ಟುಕೊಳ್ತದ, ಹಕ್ಕಿ ಕಾಲ ಇಟ್ಟುಕೊಂಡಂಗ."

ಅವಳ ಪೆನ್ನು 'ಹೊಟ್ಟೆ ಬೆಳ್ಳಗೆ' ಎನ್ನುವಲ್ಲಿ ನಿಂತಿತು. ಒಳಗೆ ಕೂತವನಿಗೆ ವಿಮಾನದ ಹೊಟ್ಟೆ ಹೇಗೆ ಕಂಡಿತು?

"ಕಿಟಕಿ ಪಕ್ಕ ಸಿಕ್ಕಿತ್ತಾ?" ಎಂದು ದನಿ ಬದಲಿಸದೆ ಕೇಳಿದಳು.

"ಹೂಂ. ಎಡಕಿನ ಕಿಡಕಿ. ದಾರಿತುಂಬ ಸೂರ್ಯ ಕಣ್ಣಾಗ ಹೊಡಿಯಾಕತ್ತಿದ್ದ."

ಅವಳು ಬರೆದುಕೊಂಡಳು. ಆರನೆಯ ಇಯತ್ತೆಯ ಹುಡುಗಿಯರಿಗೂ ಗೊತ್ತಿತ್ತು: ದಕ್ಷಿಣದಿಂದ ಉತ್ತರಕ್ಕೆ ಹೋಗುವವನ ಎಡಕ್ಕೆ ಪಶ್ಚಿಮ. ಬೆಳಗಿನ ಸೂರ್ಯ ದೌಲತರಾಯನ ಕಣ್ಣಿಗೆ ಹೊಡೆಯಬೇಕೆಂದು ಪಶ್ಚಿಮದಲ್ಲಿ ಹುಟ್ಟಿರಲಾರ.

ಗಂಡ ವಿಮಾನ ಹತ್ತಿಲ್ಲ. ಇದು ಅವಳಿಗೆ ಅಲ್ಲೇ, ಆ ಕ್ಷಣವೇ ಗೊತ್ತಾಯಿತು. ಗೊತ್ತಾಗದೇ ಉಳಿದದ್ದು ಇನ್ನೊಂದು. ಸೋಮವಾರ ಬೆಳಿಗ್ಗೆಯಿಂದ ಬುಧವಾರ ಬೆಳಿಗ್ಗೆಯವರೆಗೆ ಅವನು ಎಲ್ಲಿದ್ದ? ಯಾರ ಜೊತೆ ಇದ್ದ? ಮೂರು ವರ್ಷ ಒಂದು ಸುಳ್ಳೂ ಹೇಳದವನು ಈಗ ಹೇಳುವುದಕ್ಕೆ ಎಂಥ ಕಾರಣ ಬೇಕು? ಹೈದರಾಬಾದ್ ದೊಡ್ಡ ಊರು. ಅವಳ ಮನಸ್ಸು ಒಂದೊಂದೇ ಕಾರಣವನ್ನು ಎತ್ತಿ ಎತ್ತಿ ನೋಡಿತು. ಯಾವುದನ್ನೂ ಕೆಳಗಿಡಲು ಆಗಲಿಲ್ಲ. ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದೆ ಎಂಬುದೇ ಅವಳ ಹೆದರಿಕೆಯಾಗಿತ್ತು. ಉಪನ್ಯಾಸದ ಕರಡನ್ನು ಮಾತ್ರ ಮುಗಿಸಿದಳು. 'ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಹೊರಟು ಹತ್ತೂ ಮುಕ್ಕಾಲಿಗೆ' ಎಂದು ಶುರುವಾಗುತ್ತಿತ್ತು ಅದು. ಸೂರ್ಯನನ್ನು ಬಲಗಡೆಯ ಕಿಟಕಿಗೆ ಸಾಗಿಸಿದಳು. ಇಷ್ಟು ದೊಡ್ಡ ಸುಳ್ಳಿನಲ್ಲಿ ಸೂರ್ಯನಾದರೂ ಸರಿಯಾದ ಜಾಗದಲ್ಲಿರಲಿ.

ಉಪನ್ಯಾಸಕ್ಕೆ ಐದು ದಿನ ಮೊದಲು, ಶನಿವಾರ, ಅವಳಿಗೆ ಅಫಜಲಪುರದಲ್ಲಿ ಭೂಗೋಳ ಶಿಕ್ಷಕರ ಒಂದು ದಿನದ ಶಿಬಿರವಿತ್ತು. ಹಿಂದಿನ ದಿನವೇ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ್ ಹುಸೇನಪೀರನನ್ನು ವಿಚಾರಿಸಿದ್ದಳು.

"ಅಫಜಲಪುರ ಗಾಡಿ ಪೌಣೆ ಆಠಕ್ಕ ಅದ್ರಿ ಅಕ್ಕೋರ," ಎಂದಿದ್ದ ಅವನು.

ಶನಿವಾರ ಅವಳು ತನ್ನ ರೂಢಿಯಂತೆ ಬಹಳ ಮೊದಲೇ ಬಂದಳು. ಕೈಗಡಿಯಾರದಲ್ಲಿ ಎಂಟೂ ಹತ್ತು. ಇನ್ನೂ ಮೂವತ್ತೈದು ನಿಮಿಷ ಇತ್ತು. ಬೆಂಚಿನ ಮೇಲೆ ಚೀಲವಿಟ್ಟು ಕೂತಳು.

"ಅಕ್ಕೋರ, ಎಲ್ಲಿಗ್ರಿ?" ಹುಸೇನಪೀರ ಕಿಟಕಿಯಿಂದ ತಲೆ ಹೊರಹಾಕಿದ.

"ಅಫಜಲಪುರಕ್ಕೆ. ನಿನ್ನೆ ಕೇಳಿದ್ನಲ್ಲಪ್ಪಾ."

"ಅದು ಹೋತಲ್ರಿ!"

"ಹೋಯ್ತಾ? ಇನ್ನೂ ಟೈಮೇ ಆಗಿಲ್ಲ!"

"ಟೈಮಿಗೇ ಹೋತ್ರಿ. ಈಗ ಸಾಹೇಬ್ರ ಹೊಸಾ ಹುಕುಂ ಬಂದದ. ಗಾಡಿ ಟೈಮಿಗೆ ಬಿಡಲಿಲ್ಲಂದ್ರ ನನ್ನ ನೌಕರಿ ಬಿಡಬೇಕಾಗ್ತದ."

"ಪೌಣೆ ಆಠ ಅಂದಿದ್ರಿ ನೀವು. ಈಗ ಎಂಟೂ ಹತ್ತು."

"ಪೌಣೆ ಆಠ ಆಗಿ ಅರ್ಧ ತಾಸಾಗಲಿಕ್ಕ ಬಂತಲ್ರಿ ಅಕ್ಕೋರ," ಎಂದ ಹುಸೇನಪೀರ. ಅವಳ ಮುಖ ನೋಡಿ ಅವನಿಗೆ ನಗೆ ಬಂತು. ಟೀಚರು ಎಂದು ನಗೆ ತಡೆದುಕೊಂಡ. "ಪೌಣೆ ಆಠ ಅಂದ್ರ ಎಂಟಕ್ಕ ಪಾವ್ ಕಮ್ಮಿ. ನಿಮ್ಮ ಕನ್ನಡದಾಗ ಏಳೂ ಮುಕ್ಕಾಲು. ಎಂಟೂ ಮುಕ್ಕಾಲಿಗೆ ನಾವು ಪೌಣೆ ನೌ ಅಂತೇವಿ. ನಿಮ್ಮ ದಾವಣಗೆರ್ಯಾಗ ಪೌಣೆ ಇಲ್ಲೇನ್ರಿ?"

ಮೂರು ವರ್ಷ ಅವಳು ಈ ಊರಿನಲ್ಲಿ ಪೌಣೆಯನ್ನು ಕೇಳಿದ್ದಳು, ಪೌಣೆಗೆ ತಯಾರಾಗಿದ್ದಳು. ತಪ್ಪು ಒಮ್ಮೆಯೂ ಹೊರಬಿದ್ದಿರಲಿಲ್ಲ, ಯಾಕೆಂದರೆ ಆ ಮೂರು ವರ್ಷದಲ್ಲಿ ಒಂದು ಬಸ್ಸಾಗಲಿ, ಒಂದು ಮದುವೆಯಾಗಲಿ, ಒಂದು ಸಭೆಯಾಗಲಿ ಹೇಳಿದ ವೇಳೆಗೆ ಶುರುವಾಗಿರಲಿಲ್ಲ. ಅವಳು ಅರ್ಧ ತಾಸು ತಡವಾಗಿ ಬರುತ್ತಿದ್ದಳು, ಎಲ್ಲವೂ ಒಂದು ತಾಸು ತಡವಾಗಿ ನಡೆಯುತ್ತಿತ್ತು. ಎಲ್ಲರೂ ಅವಳನ್ನು ವೇಳೆಗೆ ಬಹಳ ಕಟ್ಟುನಿಟ್ಟು ಎಂದು ಹೊಗಳುತ್ತಿದ್ದರು. ಸರ್ಕಾರ ದೇಶಕ್ಕೆಲ್ಲ ಶಿಸ್ತು ಕಲಿಸಲು ಹೊರಟು, ಕೊನೆಗೆ ಶಿವಕಾಂತಾಳ ಒಂದು ಶಬ್ದಕ್ಕೆ ಬಂದು ತಾಗಿತ್ತು.

ಬೆಂಚಿನ ಮೇಲೆ ಕೂತಲ್ಲೇ ಅವಳ ಕಿವಿಯಲ್ಲಿ ಗಾಳಿಮಳೆಯ ನಡುವಿನ ಆ ದನಿ ಮತ್ತೆ ಕೇಳಿಸಿತು. ಹಾಂ ಬೀಬೀ, ಪೌನೆ ಆಠ. ಒಂದು ತಾಸು ಮೊದಲೇ ಹೋಗಿ ಎಂದಿದ್ದಳು. ಸರಿಯಾಗಿ ಏಳೂ ಮುಕ್ಕಾಲಿಗೆ ಎಂದಿದ್ದಳು. ಅವನು ಅವಳ ಮಾತನ್ನು ಒಂದು ನಿಮಿಷವೂ ಮೀರಿರಲಿಲ್ಲ. ಸರಿಯಾಗಿ ಏಳೂ ಮುಕ್ಕಾಲಿಗೆ, ರೊಟ್ಟಿಯ ಗಂಟು ಹಿಡಿದು, ಬೇಗಂಪೇಟೆಯ ಬೇಲಿಯ ಹೊರಗೆ ಅವನು ನಿಂತಿದ್ದ; ಮತ್ತು ವಿಮಾನದ ಹೊಟ್ಟೆ ಬೆಳ್ಳಗಿತ್ತು.

ಮುಂದಿನ ಬಸ್ಸು ಹನ್ನೊಂದಕ್ಕೆ. ಅವಳು ಮನೆಗೆ ನಡೆದಳು. ದೌಲತರಾಯ ಗಿರಣಿಯಲ್ಲಿದ್ದ. ಗೂಟಕ್ಕೆ ನೇತುಹಾಕಿದ್ದ ಅವನ ಕೋಟಿನ ಜೇಬಿನಲ್ಲಿ ಡೈರಿಯಿತ್ತು. ಡೈರಿಯಲ್ಲಿ ಅವಳ ಚೀಟಿ, ನಾಲ್ಕು ಮಡಿಕೆಯಾಗಿ. ೮-೪೫. ಕೆಳಗೆ ಅವಳೇ ಎಳೆದ ಗೆರೆ. ಅದರ ಮೇಲೆ ಅವನು ಒಂದು ಗೀಟೂ ಹಾಕಿರಲಿಲ್ಲ. ಹರಿದು ಬಿಸಾಡಿರಲೂ ಇಲ್ಲ.

ಎರಡು ದಿನ ರೈಲಿನಲ್ಲಿ. ಯಾರ ಜೊತೆಗೂ ಅಲ್ಲ, ಇಪ್ಪತ್ತೈದು ರೊಟ್ಟಿಯ ಜೊತೆ. ಹೈದರಾಬಾದಿನಿಂದ ತಂತಿ ಕೊಟ್ಟಿದ್ದರೆ ಅದರ ತಲೆಯ ಮೇಲೆ ಹೈದರಾಬಾದ್ ಎಂದಿರುತ್ತಿತ್ತು. ಅವನು ಬಂದು, 'ನಿನ್ನ ಚೀಟಿಯಿಂದ ಹೀಗಾಯಿತು' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀಗ ಮೂರು ಸಲ ಜಗ್ಗುವ ಹೆಂಡತಿ ಆ ಮಾತನ್ನು ಜನ್ಮವಿಡೀ ಜಗ್ಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅವನು ಇಡೀ ಊರಿನೆದುರು ಹಾರಲು ಒಪ್ಪಿದ್ದ.

ಅವಳು ಚೀಟಿಯನ್ನು ಇದ್ದ ಮಡಿಕೆಗಳಲ್ಲೇ ಮಡಿಚಿ ಇದ್ದಲ್ಲೇ ಇಟ್ಟಳು. ಹನ್ನೊಂದರ ಬಸ್ಸಿಗೆ ಅಫಜಲಪುರಕ್ಕೆ ಹೋಗಿ, ದಾರಿಯಲ್ಲಿ ಅತನೂರ ದಾಟುವತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಈಗ ಕರಡನ್ನು ಏನು ಮಾಡುವುದು? ಏಳೂ ಮುಕ್ಕಾಲು ಎಂದು ತಿದ್ದಿದರೆ ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಎಂಟೂ ಮುಕ್ಕಾಲೆಂದೇ ಬಿಟ್ಟರೆ, ವಿಮಾನದ ವೇಳೆ ತಿಳಿದವನೊಬ್ಬ ಸಭೆಯಲ್ಲಿದ್ದರೂ ಗಂಡನ ಮಾನ ಹೋಗುತ್ತದೆ. ಬಹಳ ಯೋಚಿಸಿ, ಶುದ್ಧ ಪ್ರತಿಯಲ್ಲಿ ವೇಳೆಯನ್ನೇ ತೆಗೆದು 'ಒಂದು ಮುಂಜಾನೆ' ಎಂದು ಬರೆದಳು. ಕತೆಗಳೆಲ್ಲ ಹಾಗೇ ಶುರುವಾಗುತ್ತವೆ, ಯಾರೂ ಗಡಿಯಾರ ಕೇಳುವುದಿಲ್ಲ.

ಗುರುವಾರ ಸಂಜೆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶರಣರ ಮೇಲಿನ ಮೂರು ಉಪನ್ಯಾಸಗಳಿಗೆ ಸೇರಿ ಬಂದದ್ದಕ್ಕಿಂತ ಹೆಚ್ಚು ಜನ ವಿಮಾನಕ್ಕೆ ಬಂದಿದ್ದರು. ಹೆಂಗಸರು ಎಡಗಡೆ ಜಮಖಾನೆಯ ಮೇಲೆ. ಗುರುಬಾಯಿ ಎಲ್ಲರಿಗಿಂತ ಮುಂದೆ, ಮಗನನ್ನು ಹಡೆದದ್ದೇ ಆಕಾಶದಲ್ಲಿ ಎನ್ನುವ ಹಾಗೆ ಕೂತಿದ್ದಳು.

ದೌಲತರಾಯ ಓದಿದ. ಚೆನ್ನಾಗಿ ಓದಿದ. ವಿಮಾನ ಏಳುವ ಭಾಗಕ್ಕೆ ಬಂದಾಗ ಕಾಗದ ಬಿಟ್ಟು ಬಾಯಿಂದಲೇ ಹೇಳಿದ. ಗಾಲಿ ಮಡಚಿಕೊಂಡದ್ದನ್ನು ಕೈಯಲ್ಲಿ ಮಾಡಿ ತೋರಿಸಿದ. ಜನ ಉಸಿರು ಬಿಗಿಹಿಡಿದರು. ಹೊಟ್ಟೆ ಹೇಗೆ ಕಂಡಿತೆಂದು ಯಾರೂ ಕೇಳಲಿಲ್ಲ. ಓದು ಮುಗಿದ ಮೇಲೆ ಅರಿವೆ ಅಂಗಡಿಯ ಖಂಡಪ್ಪ ಎದ್ದು ನಿಂತ.

"ರಾಯರ, ಕಿಡಕಿ ತೆರಿಲಿಕ್ಕ ಬರತದೇನ್ರಿ? ತಂಬಾಕ ಹಾಕ್ಕೊಂಡಿದ್ರ ಉಗುಳೂದು ಎಲ್ಲಿ?"

"ನುಂಗಬೇಕಾಗ್ತದ," ಎಂದ ದೌಲತರಾಯ. ಸಭೆ ನಕ್ಕಿತು. ಶಿವಕಾಂತಾ ಅರ್ಧ ಉಸಿರು ಬಿಟ್ಟಳು.

ಆಗ ಶಾಂತಲಿಂಗಪ್ಪ ಜೇಬಿನಿಂದ ಗಡಿಯಾರ ತೆಗೆದ.

"ಎಲ್ಲಾ ಛಂದ ಹೇಳಿದ್ರಿ ರಾಯರ. ಒಂದ ಬಿಟ್ರಿ. ಉಪನ್ಯಾಸದ ಹೆಸರೇ ಎರಡು ತಾಸು. ಎಷ್ಟಕ್ಕ ಹೊಂಟ್ರಿ, ಎಷ್ಟಕ್ಕ ಮುಟ್ಟಿದ್ರಿ, ಅದ ಹೇಳಲಿಲ್ಲ."

ದೌಲತರಾಯ ಕಾಗದ ನೋಡಿದ. ಕಾಗದದಲ್ಲಿ 'ಒಂದು ಮುಂಜಾನೆ' ಮಾತ್ರ ಇತ್ತು. ತಲೆಯೆತ್ತಿ ಹೆಂಗಸರ ಕಡೆ, ಅವಳನ್ನು, ನೋಡಿದ. ನಿಜವಾದ ವೇಳೆ ಅವನಿಗೆ ಆಳಂದದ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ಅವಳ ಚೀಟಿ ಸುಳ್ಳಾಗುತ್ತಿತ್ತು.

"ಎಂಟೂ ಮುಕ್ಕಾಲಿಗೆ," ಎಂದ.

"ಎಂಟೂ ಮುಕ್ಕಾಲು?" ಶಾಂತಲಿಂಗಪ್ಪ ಗಡಿಯಾರದ ಮುಚ್ಚಳ ತೆರೆದ, ಅದರಲ್ಲಿ ಸಾಕ್ಷಿ ಇರುವ ಹಾಗೆ. "ನಮ್ಮ ಅಳಿಯ ಹೈದರಾಬಾದಿನಾಗ ಇರ್ತಾನ್ರಿ. ಎರಡು ತಿಂಗಳಿಗೊಮ್ಮಿ ಕಂಪನಿ ಕೆಲಸಕ್ಕ ದಿಲ್ಲಿಗೆ ಹೋಗ್ತಾನ. ಮುಂಜಾನೆ ಇರೂದು ಒಂದ ವಿಮಾನ, ಪೌಣೆ ಆಠಕ್ಕ. ನೀವು ಹತ್ತಿದ್ದು ಯಾವುದ್ರಿ?"

ಹಿಂದೆ ಯಾರೋ ಕಿಸಕ್ಕೆಂದರು. ಗುರುಬಾಯಿ ಸೆರಗು ಸರಿಮಾಡಿಕೊಂಡು ಶಾಂತಲಿಂಗಪ್ಪನ ಕಡೆ ತಿರುಗುವಷ್ಟರಲ್ಲಿ ಶಿವಕಾಂತಾ ಎದ್ದು ನಿಂತಿದ್ದಳು. ಮಾತನ್ನು ಎರಡು ಸಲ ತಿರುವಿ ನೋಡಲು ಆ ಹೊತ್ತು ಸಮಯವಿರಲಿಲ್ಲ.

"ಆ ತಪ್ಪು ಅವರದಲ್ಲ, ನನ್ನದು," ಎಂದಳು. "ಹೈದರಾಬಾದಿನವರು ಫೋನಿನಲ್ಲಿ ಪೌನೆ ಆಠ ಅಂತಲೇ ಹೇಳಿದ್ರು. ಕೇಳಿಸಿಕೊಂಡವಳು ನಾನು. ನಮ್ಮ ದಾವಣಗೆರೆ ಕಡೆ ಪೌಣೆ ಇಲ್ಲ. ಎಂಟು, ಮುಕ್ಕಾಲು ಅಂತ ಕೂಡಿಸಿ ಎಂಟೂ ಮುಕ್ಕಾಲು ಅಂತ ಬರೆದುಕೊಟ್ಟೆ. ನಾನು ಬರೆದದ್ದನ್ನ ಅವರು ಹಾಗೇ ನಂಬಿದ್ರು. ಹೋದ ಶನಿವಾರ ಇದೇ ಪೌಣೆಯಿಂದ ನನಗೆ ಅಫಜಲಪುರದ ಬಸ್ಸೂ ತಪ್ಪಿತು. ಬೇಕಾದ್ರೆ ಹುಸೇನಪೀರನನ್ನ ಕೇಳ್ರಿ."

ಎಲ್ಲರೂ ಅವಳ ಕಡೆ ತಿರುಗಿದರು. ಆಮೇಲೆ ಮೊದಲು ನಕ್ಕವನು ಬಾಗಿಲ ಬಳಿ ನಿಂತಿದ್ದ ಹುಸೇನಪೀರ. "ಖರೇ ಅದ್ರಿ! ಎಂಟೂ ಹತ್ತಕ್ಕ ಬಂದು ನನಗೇ ಜಬರ ಮಾಡಿದ್ರು, ಇನ್ನಾ ಟೈಮೇ ಆಗಿಲ್ಲಂತ!" ಅವನ ಹಿಂದೆ ಇಡೀ ವಾಚನಾಲಯ ನಕ್ಕಿತು. ಭಾಷಣ ಬರೆದುಕೊಡುವಾಗ ಟೀಚರಮ್ಮ ವೇಳೆ ತಪ್ಪು ಬರೆದಳು, ಪಾಪ ಗಂಡ ಅದನ್ನೇ ಹೇಳಿದ, ಇಷ್ಟೇ ತಾನೆ! ಅವಳು ನಡೆದದ್ದನ್ನು ನಡೆದ ಹಾಗೆ, ಒಂದು ಶಬ್ದವನ್ನೂ ಬದಲಿಸದೆ ಹೇಳಿದ್ದಳು. ಇನ್ನೂರು ಜನ ಕೇಳಿದರು, ಒಬ್ಬರಿಗೂ ಅದು ಕೇಳಿಸಲಿಲ್ಲ.

ಶಾಂತಲಿಂಗಪ್ಪ ಮಾತ್ರ ಗಡಿಯಾರ ಹಿಡಿದು ಏನನ್ನೋ ಕೂಡಿಸಿ ಕಳೆಯುತ್ತಿದ್ದಂತೆ ಕಂಡ. ಅಷ್ಟರಲ್ಲಿ ಗುರುಬಾಯಿ ಕುಳಿತಲ್ಲಿಂದಲೇ ದನಿಯೆತ್ತಿದಳು.

"ಶಿರಸ್ತೇದಾರ್ರ, ನಿಮ್ಮ ಗಡಿಯಾರ ನಿಂತು ಎಷ್ಟ ವರ್ಷಾತು, ಮೊದ್ಲು ಅದ ಹೇಳ್ರಿ!"

ಗಡಿಯಾರ ನಿಂತಿರುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ನಗೆಯಲ್ಲಿ ಅವನ ಲೆಕ್ಕ ಕೊಚ್ಚಿಹೋಯಿತು.

ದೌಲತರಾಯ ನಗಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಮನೆಗೆ ಮರಳುವಾಗ ಇನ್ನೂ ಬೆಳಕಿತ್ತು. ಗುರುಬಾಯಿ ಗೆಳತಿಯರ ಜೊತೆ ಬಹಳ ಮುಂದೆ ಹೋಗಿದ್ದಳು. ದಿಲ್ಲಿ ತನ್ನ ತವರುಮನೆಗಿಂತ ಹತ್ತಿರ ಎಂದು ಅವರಿಗೆ ವಿವರಿಸುವ ದನಿ ಇಲ್ಲಿಗೂ ಕೇಳುತ್ತಿತ್ತು. ಗಂಡ ಹೆಂಡತಿ ಗಿರಣಿಯ ಗೋಡೆಯತನಕ ಬಂದರು. ಅಲ್ಲಿ ಶಿವಕಾಂತಾ ನಡಿಗೆ ನಿಧಾನ ಮಾಡಿದಳು.

"ರೈಲಿನಲ್ಲಿ ಕೂರೋದಕ್ಕೆ ಜಾಗ ಸಿಕ್ಕಿತ್ತಾ?" ಎಂದು ಕೇಳಿದಳು.

ದೌಲತರಾಯ ನಿಂತು ಅವಳ ಕಡೆ ತಿರುಗಿದ.

"ನಾಗಪುರತನಕ ನಿಂತಿದ್ದೆ," ಎಂದ. "ಆಮ್ಯಾಲ ಒಬ್ಬ ಸರದಾರ ಸರಕೊಂಡು ಜಾಗಾ ಕೊಟ್ಟ. ಅವ್ವನ ರೊಟ್ಟಿ ಬಹಳ ಸೇರಿದ್ವು ಅವನಿಗೆ."

"ಎಷ್ಟು ತಿಂದ?"

"ಪೌಣೆ ಆಠ," ಎಂದ ದೌಲತರಾಯ.

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಏಳು ರೊಟ್ಟಿ, ಮತ್ತೆ ಒಂದರಲ್ಲಿ ಮುಕ್ಕಾಲು. ಈ ಸಲ ಸರಿಯಾಗಿತ್ತು.